ವರ್ಚುವಲ್ ಮೆಷಿನ್‌ನೊಳಗೆ ಪೇಜ್‌ಮೇಕರ್: ಸ್ಕ್ರೀನ್ ಕೆಟ್ಟರೆ ಎಲ್ಲಿಂದ ಹುಡುಕಬೇಕು?

ಅರಸೀಕೆರೆಯಲ್ಲಿ ನಮ್ಮ ಭಾವನದು ಒಂದು ಚಿಕ್ಕ ಪ್ರೆಸ್. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕು ಅಲ್ಲಿನ ಕೆಲಸ. ಹದಿನೈದು ವರ್ಷದ ಹಳೇ ಕಂಪ್ಯೂಟರ್‌ನಲ್ಲಿ ವಿಂಡೋಸ್ 7, ಅದರ ಮೇಲೆ ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್ 7, ಜೊತೆಗೆ ನುಡಿ ಅನ್ನುವ ಕನ್ನಡ ಫಾಂಟುಗಳು. ಹೋದ ಮದುವೆ ಸೀಸನ್ನಿನಲ್ಲಿ ಆ ಕಂಪ್ಯೂಟರ್‌ನ ಮದರ್‌ಬೋರ್ಡ್ ಹೋಯಿತು. ಹೊಸ ಲ್ಯಾಪ್‌ಟಾಪ್ ಬಂತು, ವಿಂಡೋಸ್ 11. ಹಳೇ ಫೈಲುಗಳು ಮಾತ್ರ ಪೇಜ್‌ಮೇಕರ್‌ನವೇ. ಹಾಗಾಗಿ ಹೊಸ ಲ್ಯಾಪ್‌ಟಾಪಿನೊಳಗೆ ವರ್ಚುವಲ್‌ಬಾಕ್ಸ್ ಹಾಕಿದೆ. ಕಂಪ್ಯೂಟರ್‌ನೊಳಗೆ ಇನ್ನೊಂದು ಕಂಪ್ಯೂಟರ್ (ವರ್ಚುವಲ್ ಮೆಷಿನ್, ಚಿಕ್ಕದಾಗಿ ವಿಎಂ) ಓಡಿಸುವ ಸಾಫ್ಟ್‌ವೇರ್ ಅದು. ಅದರೊಳಗೆ ವಿಂಡೋಸ್ 7 ಕೂರಿಸಿ ಬಂದೆ.

ಮಾರನೇ ದಿನ ಬೆಳಿಗ್ಗೆ ಫೋನು. 'ಏನಯ್ಯಾ, ಇಷ್ಟು ದೊಡ್ಡ ಸ್ಕ್ರೀನಿನ ಮಧ್ಯೆ ಬೆಂಕಿಪೊಟ್ಟಣದಷ್ಟು ಕಾಣ್ತಿದೆ. ಇದರಲ್ಲಿ ಕಾರ್ಡು ಮಾಡೋದು ಹೆಂಗೆ?'

ಅದನ್ನು ಸರಿ ಮಾಡಿದೆವು. ಆಮೇಲೆ ಸ್ಕ್ರೀನ್ ಕಪ್ಪಾಯಿತು. ಅದೂ ಸರಿಯಾಯಿತು. ಆಮೇಲೆ ಅಕ್ಷರ ಮಸುಕು. ಕೊನೆಗೆ ಕನ್ನಡವೇ ಮಾಯ. ನಾಲ್ಕೂ ನೋಡೋಕೆ 'ಸ್ಕ್ರೀನ್ ಪ್ರಾಬ್ಲಮ್ಮೇ'. ಆದರೆ ಒಂದೊಂದರ ಬೇರು ಒಂದೊಂದು ಕಡೆ. ಒಂದರ ಔಷಧ ಇನ್ನೊಂದಕ್ಕೆ ಹಚ್ಚಿದರೆ ಇದ್ದದ್ದೂ ಹಾಳಾಗುತ್ತೆ. ಅದಕ್ಕೇ ದೋಷ ಯಾವ ಪದರದಲ್ಲಿದೆ ಅಂತ ಮೊದಲು ಹಿಡಿಯಬೇಕು. ಸೆಟ್ಟಿಂಗ್ ಮುಟ್ಟೋದು ಆಮೇಲೆ.

ಮೊದಲು ಒಂದು ಪರೀಕ್ಷೆ

ಇಲ್ಲಿ ನಾಲ್ಕು ಪದರಗಳಿವೆ. ಹೊರಗಿನ ನಿಜವಾದ ಕಂಪ್ಯೂಟರ್ ಹೋಸ್ಟ್. ಅದರ ಮೇಲೆ ವರ್ಚುವಲ್‌ಬಾಕ್ಸ್‌ನ ಕಿಟಕಿ. ಕಿಟಕಿಯೊಳಗಿನ ವಿಂಡೋಸ್ 7 ಗೆಸ್ಟ್. ಅದರೊಳಗೆ ನಮ್ಮ ಸಾಫ್ಟ್‌ವೇರ್. ಗೆಸ್ಟ್ ತನ್ನ ಪಾಡಿಗೆ ಒಂದು ಚಿತ್ರ ಬರೆಯುತ್ತೆ. ವರ್ಚುವಲ್‌ಬಾಕ್ಸ್ ಅದನ್ನು ಎತ್ತಿ ತಂದು ಹೋಸ್ಟ್‌ನ ಸ್ಕ್ರೀನಿನ ಮೇಲೆ ಹಚ್ಚುತ್ತೆ. ಚಿತ್ರ ಬರೆಯುವಾಗಲೇ ಕೆಟ್ಟಿತೋ, ತಂದು ಹಚ್ಚುವಾಗ ಕೆಟ್ಟಿತೋ? ಮೊದಲು ಕೇಳಬೇಕಾದ ಪ್ರಶ್ನೆ ಇದು.

ಉತ್ತರಕ್ಕೆ ಸುಲಭ ದಾರಿ ಇದೆ. ವರ್ಚುವಲ್‌ಬಾಕ್ಸ್ ಕಿಟಕಿಯ 'ವ್ಯೂ' ಮೆನುವಿನಲ್ಲಿ 'ಟೇಕ್ ಸ್ಕ್ರೀನ್‌ಶಾಟ್' ಇದೆ. ಅದು ಗೆಸ್ಟ್ ಬರೆದ ಚಿತ್ರವನ್ನು ಹಾಗೇ ಹೋಸ್ಟ್‌ನಲ್ಲಿ ಫೈಲಾಗಿ ಉಳಿಸುತ್ತೆ. ಆ ಫೈಲನ್ನು ಮೊಬೈಲಿಗೆ ಕಳಿಸಿಕೊಂಡು, ಬೆರಳಲ್ಲಿ ಎಳೆದು ದೊಡ್ಡದು ಮಾಡಿ ನೋಡಿ. ಚಿತ್ರದಲ್ಲೂ ದೋಷ ಕಂಡರೆ ತೊಂದರೆ ಗೆಸ್ಟ್ ಒಳಗಿದೆ. ಚಿತ್ರ ಚೊಕ್ಕವಾಗಿದ್ದು ಕಣ್ಣಿಗೆ ಮಾತ್ರ ಕೆಟ್ಟದಾಗಿ ಕಂಡರೆ ತೊಂದರೆ ಹೊರಗಿದೆ: ವರ್ಚುವಲ್‌ಬಾಕ್ಸ್ ಕಿಟಕಿಯಲ್ಲಿ, ಇಲ್ಲವೇ ಹೋಸ್ಟ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ.

ಸ್ಕ್ರೀನಿನ ಫೋಟೋವನ್ನು ಮೊಬೈಲ್ ಕ್ಯಾಮೆರಾದಲ್ಲಿ ಹೊಡೆದು ಕಳಿಸಬೇಡಿ ಅಂತ ಗೊತ್ತಿದ್ದವರಿಗೆಲ್ಲ ಹೇಳಿಡಿ. ಭಾವ ಮೊದಲು ಕಳಿಸಿದ್ದು ಅಂಥದೇ. ಅದರ ತುಂಬಾ ಅಲೆ ಅಲೆಯಂಥ ಗೆರೆಗಳು. ಸ್ಕ್ರೀನಿನ ಚುಕ್ಕೆಗಳೂ ಕ್ಯಾಮೆರಾದ ಚುಕ್ಕೆಗಳೂ ಒಂದರ ಮೇಲೊಂದು ಕೂತಾಗ ಆ ಗೆರೆ ಹುಟ್ಟುತ್ತೆ. ಸ್ಕ್ರೀನಿನಲ್ಲಿ ಅದು ಇರೋದೇ ಇಲ್ಲ. ಅರ್ಧ ಗಂಟೆ ಅದರ ಹಿಂದೆ ಬಿದ್ದಿದ್ದೆ.

ಬೆಂಕಿಪೊಟ್ಟಣದ ಸ್ಕ್ರೀನ್

ಗೆಸ್ಟ್ 800×600ರಲ್ಲೋ 1024×768ರಲ್ಲೋ ನಿಂತುಬಿಟ್ಟಿದೆ. ಕಿಟಕಿ ಎಳೆದು ದೊಡ್ಡದು ಮಾಡಿದರೆ ಸುತ್ತ ಖಾಲಿ ಜಾಗ ಬೆಳೆಯುತ್ತೆ, ಡೆಸ್ಕ್‌ಟಾಪ್ ಬೆಳೆಯಲ್ಲ. ರೆಸಲ್ಯೂಷನ್ ಪಟ್ಟಿ ತೆರೆದರೆ 1920×1080 ಇಲ್ಲವೇ ಇಲ್ಲ.

ಹತ್ತರಲ್ಲಿ ಒಂಬತ್ತು ಸಲ ಕಾರಣ ಒಂದೇ, ಗೆಸ್ಟ್ ಅಡಿಷನ್ಸ್ ಹಾಕಿಲ್ಲ. ಗೆಸ್ಟ್ ಒಳಗೆ ಹಾಕಬೇಕಾದ, ವರ್ಚುವಲ್‌ಬಾಕ್ಸ್‌ನದೇ ಡ್ರೈವರ್‌ಗಳ ಕಟ್ಟು ಅದು. ಗೆಸ್ಟ್ ಒಳಗಿನ ವಿಂಡೋಸ್‌ಗೆ ತನ್ನ ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ ಗೊತ್ತಿಲ್ಲ. ಅದಕ್ಕೇ ಎಲ್ಲದಕ್ಕೂ ನಡೆಯುವ ಸಾದಾ ಡ್ರೈವರ್‌ನಲ್ಲಿ ಓಡುತ್ತಿದೆ. ಖಾತ್ರಿ ಮಾಡಿಕೊಳ್ಳೋದು ಸುಲಭ. ಗೆಸ್ಟ್‌ನ ಡಿವೈಸ್ ಮ್ಯಾನೇಜರ್ ತೆರೆದು 'ಡಿಸ್‌ಪ್ಲೇ ಅಡಾಪ್ಟರ್ಸ್' ನೋಡಿ. ವಿಂಡೋಸ್ 7ರಲ್ಲಿ 'ಸ್ಟ್ಯಾಂಡರ್ಡ್ ವಿಜಿಎ ಗ್ರಾಫಿಕ್ಸ್ ಅಡಾಪ್ಟರ್' ಅಂತಿದ್ದರೆ ಡ್ರೈವರ್ ಇಲ್ಲ ಅಂತಲೇ ಲೆಕ್ಕ. ವಿಂಡೋಸ್ 10ರಲ್ಲಿ ಅದೇ ಜಾಗದಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಅಂತಿರುತ್ತೆ. ಡ್ರೈವರ್ ಸರಿಯಾಗಿ ಕೂತಿದ್ದರೆ 'ವರ್ಚುವಲ್‌ಬಾಕ್ಸ್ ಗ್ರಾಫಿಕ್ಸ್ ಅಡಾಪ್ಟರ್' ಅಂತ ಹೆಸರು ಬರಬೇಕು.

ಹಾಕುವ ಕ್ರಮ ಹೀಗೆ. ಮೊದಲು ಒಂದು ಸ್ನ್ಯಾಪ್‌ಶಾಟ್, ಅಂದರೆ ವಿಎಂ ಈಗಿರುವ ಸ್ಥಿತಿಯ ನಕಲು, ತೆಗೆದಿಡಿ. ಎರಡು ನಿಮಿಷದ ಕೆಲಸ, ಆಮೇಲೆ ಬಾಯಿ ಬಡಿದುಕೊಳ್ಳೋದು ತಪ್ಪುತ್ತೆ. ಗೆಸ್ಟ್ ಓಡುತ್ತಿರುವಾಗಲೇ 'ಡಿವೈಸಸ್' ಮೆನುವಿನಲ್ಲಿ 'ಇನ್ಸರ್ಟ್ ಗೆಸ್ಟ್ ಅಡಿಷನ್ಸ್ ಸಿಡಿ ಇಮೇಜ್' ಒತ್ತಿ. ಗೆಸ್ಟ್‌ನ 'ಕಂಪ್ಯೂಟರ್' ಕಿಟಕಿಯಲ್ಲಿ ಒಂದು ಸಿಡಿ ಕಾಣಿಸಿಕೊಳ್ಳುತ್ತೆ. ಅದನ್ನು ತೆರೆದು ಇನ್‌ಸ್ಟಾಲ್ ಮಾಡಿ, ಗೆಸ್ಟ್ ರೀಸ್ಟಾರ್ಟ್ ಮಾಡಿ. ಸಿಡಿ ಕಾಣಲೇ ಇಲ್ಲ ಅಂದರೆ ವಿಎಂನ ಸ್ಟೋರೇಜ್ ಸೆಟ್ಟಿಂಗ್‌ನಲ್ಲಿ ಆಪ್ಟಿಕಲ್ ಡ್ರೈವ್ ಇದೆಯಾ ನೋಡಿ. ಯಾರೋ ಒಮ್ಮೆ ತೆಗೆದುಹಾಕಿರುತ್ತಾರೆ. ರೀಸ್ಟಾರ್ಟ್ ಆದಮೇಲೆ 'ವ್ಯೂ' ಮೆನುವಿನ 'ಆಟೋ-ರಿಸೈಜ್ ಗೆಸ್ಟ್ ಡಿಸ್‌ಪ್ಲೇ'ಗೆ ಟಿಕ್ ಹಾಕಿ. ಕಿಟಕಿ ಎಳೆದಷ್ಟೂ ಡೆಸ್ಕ್‌ಟಾಪ್ ಹಿಗ್ಗಬೇಕು. ಆ ಆಯ್ಕೆ ಮಂಕಾಗಿ, ಒತ್ತಲು ಬಾರದಂತಿದ್ದರೆ ಅಡಿಷನ್ಸ್ ಇನ್ನೂ ಓಡುತ್ತಿಲ್ಲ.

ವಿಂಡೋಸ್ 7ರಲ್ಲಿ ಒಂದು ಕೊಕ್ಕೆ ಇದೆ. ಇನ್‌ಸ್ಟಾಲ್ ಆಯಿತು ಅನ್ನುತ್ತೆ, ಆದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು. ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ 'ಕೋಡ್ 52' ಅಂತ ಬರೆದಿರುತ್ತೆ. ಡ್ರೈವರ್‌ನ ಡಿಜಿಟಲ್ ಸಹಿಯನ್ನು ವಿಂಡೋಸ್ ನಂಬುತ್ತಿಲ್ಲ ಅಂತ ಅದರ ಅರ್ಥ. ಈಚಿನ ಡ್ರೈವರ್‌ಗಳ ಸಹಿ ಶಾ-2 ಅನ್ನುವ ಬಗೆಯದು. ಅಪ್‌ಡೇಟ್ ಕಾಣದ ವಿಂಡೋಸ್ 7ಕ್ಕೆ ಆ ಸಹಿ ಓದಲು ಬರಲ್ಲ. ಸರ್ವಿಸ್ ಪ್ಯಾಕ್ 1 ಇರಬೇಕು, ಅದರ ಮೇಲೆ 2019ರಲ್ಲಿ ಬಂದ ಕೆಬಿ4474419 ಅನ್ನುವ ಅಪ್‌ಡೇಟ್ ಹಾಕಬೇಕು. ಭಾವನ ಹಳೇ ವಿಂಡೋಸ್ ಡಿಸ್ಕಿನಲ್ಲಿ ಸರ್ವಿಸ್ ಪ್ಯಾಕೇ ಇರಲಿಲ್ಲ. ಆ ಎರಡನ್ನೂ ಹಾಕಿ ಅಡಿಷನ್ಸ್ ಮತ್ತೆ ಇನ್‌ಸ್ಟಾಲ್ ಮಾಡಿದ ಮೇಲೆ ಹಳದಿ ಗುರುತು ಹೋಯಿತು, ಸ್ಕ್ರೀನ್ ತುಂಬಿತು.

ಗೆಸ್ಟ್ ಲಿನಕ್ಸ್ ಆಗಿದ್ದರೆ ಕತೆ ಕೊಂಚ ಬೇರೆ. ಅಲ್ಲಿ ಅಡಿಷನ್ಸ್‌ನ ಭಾಗಗಳು ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ತಕ್ಕಂತೆ ಕಂಪೈಲ್ ಆಗಬೇಕು. ಕರ್ನಲ್ ಅಪ್‌ಡೇಟ್ ಆದ ಮಾರನೇ ದಿನ ಸ್ಕ್ರೀನ್ ಚಿಕ್ಕದಾಯಿತು ಅಂದರೆ ಇದೇ ಕಾರಣ ಅಂತ ಕಣ್ಣು ಮುಚ್ಚಿ ಹೇಳಬಹುದು. ಹೊಸ ಕರ್ನಲ್‌ನ ಹೆಡರ್ ಫೈಲುಗಳನ್ನು ಹಾಕಿ, ಅಡಿಷನ್ಸ್ ಮತ್ತೆ ಇನ್‌ಸ್ಟಾಲ್ ಮಾಡಿ.

ಕಪ್ಪು ಸ್ಕ್ರೀನ್

ಇದರಲ್ಲಿ ತಪ್ಪು ಪೂರ್ತಿ ನಂದೇ. ಸ್ಕ್ರೀನ್ ತುಂಬಿದ ಖುಷಿಯಲ್ಲಿ 'ಇನ್ನೂ ಫಾಸ್ಟ್ ಆಗಲಿ' ಅಂತ 3ಡಿ ಆಕ್ಸಲರೇಷನ್‌ಗೆ ಟಿಕ್ ಹಾಕಿದೆ. ಅಷ್ಟು ಸಾಲದು ಅಂತ ಗ್ರಾಫಿಕ್ಸ್ ಕಂಟ್ರೋಲರ್ (ವರ್ಚುವಲ್‌ಬಾಕ್ಸ್ ಗೆಸ್ಟ್‌ಗೆ ತೋರಿಸುವ ಹುಸಿ ಗ್ರಾಫಿಕ್ಸ್ ಕಾರ್ಡ್) ಕೂಡ ಬದಲಿಸಿದೆ. ವಿಂಡೋಸ್ ಶುರುವಾಗುವ ಸದ್ದು ಕೇಳಿತು, ಸ್ಕ್ರೀನ್ ಮಾತ್ರ ಅಮಾವಾಸ್ಯೆ.

ಆ ಸದ್ದು ಕೇಳಿದ್ದು ಒಳ್ಳೇ ಸುಳಿವು. ಗೆಸ್ಟ್ ಜೀವಂತ ಇದೆ, ಕೆಟ್ಟಿರೋದು ಚಿತ್ರ ಬರುವ ದಾರಿ ಮಾತ್ರ. ಹಾಗಾಗಿ ವಿಂಡೋಸನ್ನು ಮತ್ತೆ ಇನ್‌ಸ್ಟಾಲ್ ಮಾಡೋಕೆ ಹೋಗಬೇಡಿ.

ವಿಎಂ ಪೂರ್ತಿ ಶಟ್‌ಡೌನ್ ಮಾಡಿ. 'ಸೇವ್ ದ ಮೆಷಿನ್ ಸ್ಟೇಟ್' ಒತ್ತಿ ಮುಚ್ಚಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್‌ಗಳು ಮಂಕಾಗಿರುತ್ತವೆ, ಬದಲಿಸಲು ಬಿಡಲ್ಲ. ಮಲಗಿರುವ ಯಂತ್ರದ ಗ್ರಾಫಿಕ್ಸ್ ಕಾರ್ಡ್ ಕಿತ್ತು ಬೇರೆ ಹಾಕಿದ ಹಾಗಾಗುತ್ತೆ ಅಲ್ವಾ, ಅದಕ್ಕೇ. ಶಟ್‌ಡೌನ್ ಆದಮೇಲೆ ಸೆಟ್ಟಿಂಗ್ಸ್‌ನ 'ಡಿಸ್‌ಪ್ಲೇ' ವಿಭಾಗಕ್ಕೆ ಹೋಗಿ 3ಡಿ ಟಿಕ್ ತೆಗೆಯಿರಿ. ಕಂಟ್ರೋಲರ್ ಯಾವುದಿದೆ ನೋಡಿ. ವಿಂಡೋಸ್ 7 ಮತ್ತು ಅದರ ಮುಂದಿನವಕ್ಕೆ ವಿಬಾಕ್ಸ್‌ಎಸ್‌ವಿಜಿಎ. ಎಕ್ಸ್‌ಪಿಯಂಥ ಹಳಬರಿಗೆ ವಿಬಾಕ್ಸ್‌ವಿಜಿಎ. ಲಿನಕ್ಸ್‌ಗೆ ವಿಎಂಎಸ್‌ವಿಜಿಎ. ವರ್ಚುವಲ್‌ಬಾಕ್ಸ್ ತಾನಾಗಿ ಆರಿಸಿಕೊಳ್ಳೋದೂ ಹೀಗೇ. ಅದರ ಮಾತು ಕೇಳಿದರೆ ಸಾಕು. ಹೊಂದದ ಸೆಟ್ಟಿಂಗ್ ಇದ್ದರೆ ಆ ಕಿಟಕಿಯ ಕೆಳಗೆ 'ಇನ್‌ವ್ಯಾಲಿಡ್ ಸೆಟ್ಟಿಂಗ್ಸ್ ಡಿಟೆಕ್ಟೆಡ್' ಅಂತ ಎಚ್ಚರಿಕೆ ಬರುತ್ತೆ. ಅದರ ಮೇಲೆ ಮೌಸ್ ಇಟ್ಟರೆ ಏನು ತಪ್ಪು ಅಂತಲೂ ಹೇಳುತ್ತೆ. ನಾನು ಅದನ್ನು ಓದಿರಲೇ ಇಲ್ಲ.

ಇಷ್ಟಾದರೂ ಕಪ್ಪಾಗೇ ಇದ್ದರೆ, ವಿಂಡೋಸ್ 7 ಶುರುವಾಗುವಾಗ ಎಫ್8 ಒತ್ತಿ ಸೇಫ್ ಮೋಡ್‌ಗೆ ಹೋಗಿ, ಅಡಿಷನ್ಸ್ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ.

ಪೇಜ್‌ಮೇಕರ್‌ನಂಥ ಹಳೇ ಸಾಫ್ಟ್‌ವೇರ್‌ಗೆ 3ಡಿ ಬೇಕಾಗೇ ಇಲ್ಲ. ಗೆರೆ, ಅಕ್ಷರ, ಚಿತ್ರ ಎಲ್ಲ ಅದು 2ಡಿಯಲ್ಲೇ ಬರೆಯೋದು. ವಿಡಿಯೋ ಮೆಮೊರಿಯ ಬಗ್ಗೆಯೂ ಒಂದು ಭ್ರಮೆ ಇದೆ, ಜಾಸ್ತಿ ಮಾಡಿದಷ್ಟೂ ಅಕ್ಷರ ಸ್ಪಷ್ಟವಾಗುತ್ತೆ ಅಂತ. ಲೆಕ್ಕ ಹಾಕಿ ನೋಡಿ. 1920×1080 ಸ್ಕ್ರೀನಿನಲ್ಲಿ ಒಂದೊಂದು ಚುಕ್ಕೆಗೆ 4 ಬೈಟ್ ಅಂದರೆ 82,94,400 ಬೈಟ್. ಹೆಚ್ಚುಕಡಿಮೆ 8 ಎಂಬಿ. ಒಂದೇ ಸ್ಕ್ರೀನು, 3ಡಿ ಇಲ್ಲ ಅಂದರೆ 16 ಎಂಬಿ ಇದ್ದರೂ ನಡೆಯುತ್ತೆ. 4ಕೆ ಸ್ಕ್ರೀನ್ ಆದರೆ 33 ಎಂಬಿ ದಾಟುತ್ತೆ. ನಾನು ಸುಮ್ನೆ ಸ್ಲೈಡರ್ ಎಳೆದು 128 ಇಟ್ಟುಬಿಡ್ತೀನಿ, ಹೋಸ್ಟ್‌ನಲ್ಲಿ ರ‍್ಯಾಮ್ ಸಾಕಷ್ಟಿದೆ. ಆದರೆ ಅದರಿಂದ ಮಸುಕು ಹೋಗುತ್ತೆ ಅಂತ ಕಾಯಬೇಡಿ.

ಅಕ್ಷರ ಮಸುಕು

ಇದನ್ನು ಹಿಡಿಯೋಕೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಎರಡು ದಿನ ಎಲ್ಲ ಚೆನ್ನಾಗಿತ್ತು. ಮೂರನೇ ದಿನ, 'ಅಕ್ಷರ ಎಲ್ಲ ಮಂಜು ಕವಿದ ಹಂಗೆ ಆಗಿದೆ ಕಣಯ್ಯಾ. ಮೇಲಿದ್ದ ಮೆನುನೂ ಕಾಣ್ತಿಲ್ಲ.'

ಮೆನು ಇಲ್ಲದ ಮೇಲೆ ಸ್ಕ್ರೀನ್‌ಶಾಟ್ ಎಲ್ಲಿಂದ ತೆಗೆಯೋದು? ಬಲಗಡೆಯ ಕಂಟ್ರೋಲ್ ಕೀ ಹಿಡಿದು ಹೋಮ್ ಒತ್ತಿದರೆ ಮೆನು ಪಾಪ್‌ಅಪ್ ಆಗಿ ಬರುತ್ತೆ. ಹಾಗೆ ತೆಗೆದ ಚಿತ್ರ ಗಾಜಿನಷ್ಟು ಸ್ವಚ್ಛವಾಗಿತ್ತು. ಅಂದರೆ ಗೆಸ್ಟ್ ಸರಿಯಾಗೇ ಬರೆಯುತ್ತಿದೆ, ಹೊರಗೆ ಯಾರೋ ಎಳೆದು ಹಿಗ್ಗಿಸುತ್ತಿದ್ದಾರೆ.

ಆ 'ಯಾರೋ' ಭಾವನೇ. ವರ್ಚುವಲ್‌ಬಾಕ್ಸ್‌ನಲ್ಲಿ ಬಲಗಡೆಯ ಕಂಟ್ರೋಲ್ ಕೀಗೆ 'ಹೋಸ್ಟ್ ಕೀ' ಅಂತ ಹೆಸರು. ಅದನ್ನು ಹಿಡಿದು ಸಿ ಒತ್ತಿದರೆ 'ಸ್ಕೇಲ್ಡ್ ಮೋಡ್' ಶುರು. ಆಗ ಗೆಸ್ಟ್‌ನ ಚಿತ್ರವನ್ನು ರಬ್ಬರ್ ಹಾಳೆ ಥರ ಕಿಟಕಿಯಳತೆಗೆ ಎಳೆಯಲಾಗುತ್ತೆ. ಮೆನು, ಸ್ಟೇಟಸ್ ಬಾರ್ ಎರಡೂ ಮಾಯ. ಡಿಟಿಪಿ ಮಾಡುವವರು ದಿನಕ್ಕೆ ನೂರು ಸಲ ಕಾಪಿ ಮಾಡ್ತಾರೆ. ಭಾವ ಎರಡು ಕೈ ಬಳಸಿ, ಬಲಗೈಯಲ್ಲಿ ಕಂಟ್ರೋಲ್, ಎಡಗೈಯಲ್ಲಿ ಸಿ ಒತ್ತುವ ಅಭ್ಯಾಸದವರು. ಮೊದಲ ಸಲ 'ಸ್ಕೇಲ್ಡ್ ಮೋಡ್‌ಗೆ ಹೋಗ್ತಿದ್ದೀಯ' ಅಂತ ಒಂದು ಕಿಟಕಿ ಬಂದಿರುತ್ತೆ. ಓದದೆ ಓಕೆ ಒತ್ತಿದ್ದಾರೆ. ಮತ್ತೆ ಬಲಗಡೆ ಕಂಟ್ರೋಲ್ ಹಿಡಿದು ಸಿ ಒತ್ತಿದರೆ ಮಂಜು ಕರಗಿತು. ಮುಂದೆ ಹೀಗಾಗದಿರಲಿ ಅಂತ ವರ್ಚುವಲ್‌ಬಾಕ್ಸ್‌ನ ಪ್ರಿಫರೆನ್ಸಸ್‌ನಲ್ಲಿ 'ಇನ್‌ಪುಟ್'ಗೆ ಹೋಗಿ ಹೋಸ್ಟ್ ಕೀಯನ್ನು ಎಫ್12ಕ್ಕೆ ಬದಲಿಸಿದೆ. ಅಭ್ಯಾಸ ಬದಲಿಸಿಕೊಳ್ಳಿ ಅಂತ ಅವರಿಗೆ ಹೇಳೋದಕ್ಕಿಂತ ಇದು ಸುಲಭ.

ಮಸುಕಿಗೆ ಇನ್ನೊಂದು ಕಾರಣವೂ ಇದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ತಾನಾಗೇ 125% ಅಥವಾ 150% ಸ್ಕೇಲಿಂಗ್ ಹಾಕಿಕೊಂಡಿರುತ್ತೆ. ಪತ್ತೆ ಮಾಡೋದು ಹೀಗೆ: ವಿಎಂ ಅನ್ನು ಫುಲ್‌ಸ್ಕ್ರೀನ್ ಮಾಡಿ ಗೆಸ್ಟ್ ಒಳಗೆ ರೆಸಲ್ಯೂಷನ್ ಎಷ್ಟಿದೆ ನೋಡಿ. ಲ್ಯಾಪ್‌ಟಾಪಿನದು 1920×1080, ಗೆಸ್ಟ್ ಮಾತ್ರ 1280×720 ಅಂತಿದೆಯಾ? 1920ನ್ನು ಒಂದೂವರೆಯಿಂದ ಭಾಗಿಸಿದರೆ 1280. ಅಂದರೆ ಗೆಸ್ಟ್ ಚಿಕ್ಕ ಚಿತ್ರ ಬರೆಯುತ್ತಿದೆ, ಹೊರಗೆ ಅದನ್ನು ಒಂದೂವರೆ ಪಟ್ಟು ಎಳೆಯಲಾಗುತ್ತಿದೆ. ಒಂದು ಚುಕ್ಕೆ ಒಂದೂವರೆ ಚುಕ್ಕೆಯ ಮೇಲೆ ನೆಟ್ಟಗೆ ಕೂರೋಕಾಗಲ್ಲ, ಅಂಚು ಕದಡುತ್ತೆ. ವಿಂಡೋಸ್‌ನ ಕ್ಲಿಯರ್‌ಟೈಪ್ ಚಾಲೂ ಇದ್ದರೆ ಅಕ್ಷರದ ಪಕ್ಕದಲ್ಲಿ ಕೆಂಪು, ನೀಲಿ ನೆರಳೂ ಕಾಣುತ್ತೆ. ಚುಕ್ಕೆಯೊಳಗಿನ ಬಣ್ಣದ ತುಂಡುಗಳನ್ನೇ ಲೆಕ್ಕಕ್ಕೆ ಹಿಡಿದು ಅದು ಅಕ್ಷರ ನಯ ಮಾಡೋದು. ಆ ಲೆಕ್ಕ ಎಳೆದಾಗ ತಪ್ಪುತ್ತೆ.

ಇದಕ್ಕೆ ವಿಎಂನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 'ಸ್ಕೇಲ್ ಫ್ಯಾಕ್ಟರ್' 100% ಇಡಿ. ಆಮೇಲೆ ಹೋಸ್ಟ್‌ನಲ್ಲಿ ವರ್ಚುವಲ್‌ಬಾಕ್ಸ್ ಇನ್‌ಸ್ಟಾಲ್ ಆಗಿರುವ ಫೋಲ್ಡರ್ ತೆರೆಯಿರಿ. ಮ್ಯಾನೇಜರ್ ಒಂದು ಫೈಲು, ವಿಎಂ ಕಿಟಕಿ ನಡೆಸುವ 'ವರ್ಚುವಲ್‌ಬಾಕ್ಸ್‌ವಿಎಂ' ಇನ್ನೊಂದು. ನಮಗೆ ಬೇಕಾದ್ದು ಎರಡನೆಯದು. ಡೆಸ್ಕ್‌ಟಾಪಿನ ಶಾರ್ಟ್‌ಕಟ್‌ಗೆ ಎಷ್ಟು ಸೆಟ್ಟಿಂಗ್ ಹಾಕಿದರೂ ಬದಲಾವಣೆ ಕಾಣದೇ ಹೋಗೋದು ಇದಕ್ಕೇ. ಆ ಎರಡನೇ ಫೈಲಿನ ಪ್ರಾಪರ್ಟೀಸ್‌ನಲ್ಲಿ 'ಕಂಪ್ಯಾಟಿಬಿಲಿಟಿ', ಅಲ್ಲಿ 'ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್', ಅಲ್ಲಿ ಓವರ್‌ರೈಡ್‌ಗೆ ಟಿಕ್ ಹಾಕಿ 'ಅಪ್ಲಿಕೇಷನ್' ಆರಿಸಿ. ವಿಎಂ ಮುಚ್ಚಿ ಮತ್ತೆ ತೆರೆಯಿರಿ.

ಈಗ ಎಲ್ಲ ಸ್ಪಷ್ಟ, ಆದರೆ ಸಾಸಿವೆ ಕಾಳಿನಷ್ಟು ಚಿಕ್ಕದು ಅಂತ ಅನಿಸಬಹುದು. ಆಗ ಗೆಸ್ಟ್ ಒಳಗಿನ ವಿಂಡೋಸ್‌ನಲ್ಲಿ ಮಾತ್ರ 125% ಇಟ್ಟುಕೊಳ್ಳಿ. ಎರಡು ಕಡೆ ದೊಡ್ಡದು ಮಾಡಬೇಡಿ, ಹಿಗ್ಗಿಸೋದು ಒಂದೇ ಪದರದಲ್ಲಿರಲಿ. ಗೆಸ್ಟ್‌ನಲ್ಲಿ ಹಿಗ್ಗಿಸಿದ ಮೇಲೆ ಹಳೇ ಸಾಫ್ಟ್‌ವೇರ್‌ನ ಡೈಲಾಗ್ ಬಾಕ್ಸಿನಲ್ಲಿ ಓಕೆ ಬಟನ್ ಕೆಳಗೆ ಕತ್ತರಿಸಿಹೋದರೆ ಅದು ಇಂಥ ಸ್ಕೇಲಿಂಗ್ ಕಂಡೇ ಇಲ್ಲ ಅಂತ ಅರ್ಥ. ಅಂಥದ್ದಕ್ಕೆ 100% ಇಟ್ಟು, ಹತ್ತಿರ ಕೂತು ಕೆಲಸ ಮಾಡೋದೇ ವಾಸಿ. ಭಾವ ಅದನ್ನೇ ಆರಿಸಿಕೊಂಡರು, ಕನ್ನಡಕ ಹೇಗೂ ಇದೆ.

ಕನ್ನಡವೇ ಮಾಯ

ಹಳೇ ಲಗ್ನಪತ್ರಿಕೆಯ ಫೈಲು ತೆರೆದಾಗ ಕನ್ನಡ ಇರಬೇಕಾದ ಕಡೆ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೆರೆ ಹೊತ್ತ ಎ, ಪೌಂಡ್ ಚಿಹ್ನೆ. ಡಿಟಿಪಿಯವರಿಗೆ ಇದು ನೋಡಿದ ತಕ್ಷಣ ಗೊತ್ತಾಗುತ್ತೆ. 'ಕನ್ನಡ' ಅನ್ನೋ ಪದವೇ ನುಡಿ ಫಾಂಟ್ ಇಲ್ಲದಾಗ ದೊಡ್ಡ ಪಿ ಅಕ್ಷರದಿಂದ ಶುರುವಾಗಿ, ನಡುವೆ ಪೌಂಡ್ ಚಿಹ್ನೆ ಹಾಯ್ದು, ಗೆರೆ ಹೊತ್ತ ಎ ಅಕ್ಷರದಲ್ಲಿ ಮುಗಿಯುತ್ತೆ. ಆದರೆ ವಿಎಂ ಒಳಗೆ ಕಂಡಾಗ ಎಲ್ಲರಿಗೂ ಗ್ರಾಫಿಕ್ಸ್ ಡ್ರೈವರ್ ಮೇಲೇ ಅನುಮಾನ.

ಡ್ರೈವರ್ ಕೆಟ್ಟರೆ ಎಲ್ಲವೂ ಕೆಡುತ್ತೆ: ಐಕಾನು, ಮೆನು, ವಾಲ್‌ಪೇಪರು. ಇಲ್ಲಿ ಮೆನು ನೆಟ್ಟಗಿದೆ, ಕನ್ನಡ ಮಾತ್ರ ಹೋಗಿದೆ. ಸ್ಕ್ರೀನ್‌ಶಾಟ್‌ನಲ್ಲೂ ಹಾಗೇ ಇದೆ. ಹಾಗಾದರೆ ದೋಷ ನಾಲ್ಕನೇ ಪದರದ್ದು, ಅಂದರೆ ಫಾಂಟಿನದು. ನುಡಿಯ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದವು. ಫೈಲಿನಲ್ಲಿರೋದು ಇಂಗ್ಲಿಷಿನ ಸಂಕೇತ, ಕನ್ನಡದ ವೇಷ ಹಾಕೋದು ಫಾಂಟು. ಹೊಸ ವಿಂಡೋಸ್ 7 ಕೂರಿಸಿದಾಗ ನಾನು ಪೇಜ್‌ಮೇಕರ್ ಹಾಕಿದ್ದೆ, ಫಾಂಟು ಹಾಕೋದು ಮರೆತಿದ್ದೆ. ಫೈಲು ತೆರೆಯುವಾಗ ಪೇಜ್‌ಮೇಕರ್ 'ಪ್ಯಾನೋಸ್ ಫಾಂಟ್ ಮ್ಯಾಚಿಂಗ್' ಅನ್ನುವ ಕಿಟಕಿ ತೋರಿಸಿ, ಯಾವ ಫಾಂಟಿಲ್ಲ, ಅದರ ಬದಲು ಏನು ಹಾಕ್ತೀನಿ ಅಂತ ಕೇಳಿಯೇ ಕೇಳುತ್ತೆ. ಅಲ್ಲಿ ನುಡಿಯ ಹೆಸರುಗಳು ಸಾಲಾಗಿ ಕಂಡರೆ ಮುಂದುವರಿಯಬೇಡಿ, ಫೈಲನ್ನು ಸೇವ್ ಮಾಡಲೂಬೇಡಿ. ಮುಚ್ಚಿ, ಹಳೇ ಹಾರ್ಡ್ ಡಿಸ್ಕಿನಿಂದ ಆ ಫಾಂಟುಗಳನ್ನು ತಂದು ಗೆಸ್ಟ್‌ನ ಫಾಂಟ್ಸ್ ಫೋಲ್ಡರಿಗೆ ಹಾಕಿ, ಪೇಜ್‌ಮೇಕರ್ ಮತ್ತೆ ತೆರೆಯಿರಿ.

ಹೋಸ್ಟ್‌ನಲ್ಲಿ ಟೈಪ್ ಮಾಡಿದ ಯೂನಿಕೋಡ್ ಕನ್ನಡವನ್ನು ಕಾಪಿ ಮಾಡಿ ವಿಎಂ ಒಳಗಿನ ಪೇಜ್‌ಮೇಕರ್‌ಗೆ ಅಂಟಿಸಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ ಬಂದರೆ ಅದೂ ಡಿಸ್‌ಪ್ಲೇ ತೊಂದರೆ ಅಲ್ಲ. ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತೇ ಇಲ್ಲ. ಮೊದಲು ಕನ್ವರ್ಟರ್‌ನಲ್ಲಿ ನುಡಿಯ ಆಸ್ಕಿಗೆ, ಅಂದರೆ ಆ ಇಂಗ್ಲಿಷ್ ಸಂಕೇತಕ್ಕೆ, ಬದಲಿಸಿ ತನ್ನಿ. ಗೆಸ್ಟ್ ಎಕ್ಸ್‌ಪಿ ಆಗಿದ್ದು ಯೂನಿಕೋಡ್‌ನ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ, ಕಂಟ್ರೋಲ್ ಪ್ಯಾನೆಲ್‌ನ ರೀಜನಲ್ ಸೆಟ್ಟಿಂಗ್‌ನಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಫೈಲುಗಳಿಗೆ ಟಿಕ್ ಹಾಕಿ.

ಉಳಿದ ಚಿಲ್ಲರೆಗಳು

ಪ್ರೋಗ್ರಾಂ ತೆರೆದಿದೆ, ಟಾಸ್ಕ್‌ಬಾರ್‌ನಲ್ಲಿ ಕಾಣುತ್ತೆ, ಸ್ಕ್ರೀನಿನಲ್ಲಿ ಮಾತ್ರ ಇಲ್ಲ. ವಿಎಂಗೆ ಯಾವಾಗಲೋ ಎರಡು ಮಾನಿಟರ್ ಕೊಟ್ಟಿದ್ದು, ಪ್ರೋಗ್ರಾಂ ಎರಡನೆಯದರ ಜಾಗದಲ್ಲಿ ತೆರೆಯುತ್ತಿರಬಹುದು. ಆಲ್ಟ್ ಹಿಡಿದು ಸ್ಪೇಸ್ ಒತ್ತಿ, ಆಮೇಲೆ ಎಂ ಒತ್ತಿ, ಒಂದು ಸಲ ಬಾಣದ ಕೀ ಒತ್ತಿ ಮೌಸ್ ಆಡಿಸಿ. ಕಿಟಕಿ ಮೌಸಿಗೆ ಅಂಟಿಕೊಂಡು ಬರುತ್ತೆ.

ಸ್ಕ್ರೋಲ್ ಮಾಡಿದರೆ ಪುಟ ಪಟ್ಟೆ ಪಟ್ಟೆಯಾಗಿ ನಿಧಾನ ಮೂಡುತ್ತಿದ್ದರೆ ವಿಎಂ ಕಿಟಕಿಯ ಕೆಳಗಿನ ಬಲಮೂಲೆ ನೋಡಿ. ಅಲ್ಲಿ ಪುಟ್ಟ ಹಸಿರು ಆಮೆ ಇದೆಯಾ? ತಮಾಷೆಯಲ್ಲ, ನಿಜವಾಗಲೂ ಆಮೆಯ ಚಿತ್ರ ಇರುತ್ತೆ. ಹೋಸ್ಟ್‌ನಲ್ಲಿ ಹೈಪರ್-ವಿ ಅನ್ನುವ, ವಿಎಂ ಓಡಿಸುವ ವಿಂಡೋಸ್‌ನದೇ ವ್ಯವಸ್ಥೆ ಚಾಲೂ ಇದೆ, ವರ್ಚುವಲ್‌ಬಾಕ್ಸ್ ಅದರ ಮೂಲಕ ಹಾದು ಹೋಗಬೇಕಾಗಿದೆ ಅಂತ ಅದು ಹೇಳುತ್ತಿದೆ. ಡಿಸ್‌ಪ್ಲೇ ಸೆಟ್ಟಿಂಗ್ ಎಷ್ಟು ತಿರುಗಿಸಿದರೂ ಇದಕ್ಕೆ ಉಪಯೋಗ ಇಲ್ಲ. ಹೈಪರ್-ವಿ ಆಫ್ ಮಾಡಬಹುದು, ಆದರೆ ವಿಂಡೋಸ್ 11ರ 'ಮೆಮೊರಿ ಇಂಟೆಗ್ರಿಟಿ' ಅನ್ನುವ ಭದ್ರತೆಯೂ ಅದನ್ನೇ ನೆಚ್ಚಿಕೊಂಡಿದೆ. ನಿಧಾನ ತಡೆದುಕೊಳ್ಳಬಹುದಾದರೆ ಹಾಗೇ ಬಿಡಿ ಅಂತ ನನ್ನ ಸಲಹೆ. ಭಾವನ ಲ್ಯಾಪ್‌ಟಾಪಿನಲ್ಲಿ ಆಮೆ ಇನ್ನೂ ಇದೆ.

ಎಲ್ಲ ನೋಡಿಯೂ ಬಗೆಹರಿಯದೆ ಬೇರೆಯವರನ್ನು ಕೇಳುವ ಹೊತ್ತು ಬಂದರೆ, ಸ್ಕ್ರೀನ್‌ಶಾಟ್ ಜೊತೆ ಲಾಗ್ ಫೈಲನ್ನೂ ಕೊಡಿ. ವರ್ಚುವಲ್‌ಬಾಕ್ಸ್ ಮ್ಯಾನೇಜರ್‌ನಲ್ಲಿ ವಿಎಂ ಮೇಲೆ ರೈಟ್ ಕ್ಲಿಕ್ ಮಾಡಿದರೆ 'ಶೋ ಲಾಗ್' ಸಿಗುತ್ತೆ. ಅದರಲ್ಲಿ 'ಗೆಸ್ಟ್ ಅಡಿಷನ್ಸ್' ಅಂತ ಹುಡುಕಿದರೆ ಗೆಸ್ಟ್ ಒಳಗೆ ಓಡುತ್ತಿರುವ ವರ್ಷನ್ ಯಾವುದು ಅಂತ ಬರೆದಿರುತ್ತೆ. ಆ ಸಾಲೇ ಇಲ್ಲದಿದ್ದರೆ ಅಡಿಷನ್ಸ್ ಏಳಲೇ ಇಲ್ಲ. ಹೋಸ್ಟ್‌ನ ವರ್ಚುವಲ್‌ಬಾಕ್ಸ್ ಅಪ್‌ಡೇಟ್ ಆಗಿ ಗೆಸ್ಟ್‌ನಲ್ಲಿ ಹಳೇ ವರ್ಷನ್ ಉಳಿದಿದ್ದರೂ ಅಲ್ಲೇ ಗೊತ್ತಾಗುತ್ತೆ. ಆಗ ಅದೇ ಸಿಡಿ ಮತ್ತೆ ತೂರಿಸಿ, ಹೊಸದು ಹಾಕಿ, ಗೆಸ್ಟನ್ನು ಒಮ್ಮೆ ರೀಸ್ಟಾರ್ಟ್ ಮಾಡಿ.